ಮೊದಲ ಕಥೆಯನ್ನು ಕೊನೆಗೆ ಬರೆದಾಗ

ಸ್ಟುಡಿಯೋದ ದೀಪಗಳು ಆರಿದ ಮೇಲೆ ನಡೆಯುವ ಮಾತು ಒಮ್ಮೊಮ್ಮೆ ಪ್ರಸಾರವಾಗುವ ಮಾತಿಗಿಂತ ಸ್ವಾರಸ್ಯವಾಗಿರುತ್ತದೆ. ವಿಜ್ಞಾನ ಕಥೆಗಳನ್ನು ಕುರಿತ ನಮ್ಮ ಒಂದು ಚರ್ಚೆಗೆ ಬಂದಿದ್ದ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಮೈಕು ಕಳಚಿಟ್ಟ ಮೇಲೂ ವಾದ ನಿಲ್ಲಿಸಿರಲಿಲ್ಲ. ವಾದದ ವಸ್ತು ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿ. ಅದರ ಮೊದಲ ಸರಣಿ ಪ್ರಸಾರವಾದದ್ದು 1966ರಿಂದ 1969ರವರೆಗೆ. ಕಥೆ ನಡೆಯುವುದು 23ನೇ ಶತಮಾನದಲ್ಲಿ. 2001ರಲ್ಲಿ ಅದೇ ಹೆಸರಿನ ಬಳಗದಿಂದ 'ಎಂಟರ್‌ಪ್ರೈಸ್' ಎಂಬ ಮತ್ತೊಂದು ಸರಣಿ ಬಂತು. ಇದರ ಕಥೆ ನಡೆಯುವುದು ಮೊದಲಿನದಕ್ಕಿಂತ ಸುಮಾರು ನೂರು ವರ್ಷ ಹಿಂದೆ. "ಹಳೆಯದಕ್ಕೂ ಇದಕ್ಕೂ ತಾಳಮೇಳವೇ ಇಲ್ಲ" ಎಂದು ಒಬ್ಬ. "ತಾಳಮೇಳ ಹಾಗಿರಲಿ ಕಣೋ, ಬರವಣಿಗೆ ಚೆನ್ನಾಗಿದೆಯೋ ಇಲ್ಲವೋ ಅದನ್ನು ಹೇಳು" ಎಂದು ಇನ್ನೊಬ್ಬ.

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿದಳು. "ಸಾರ್, ನಮ್ಮೂರು ನಂಜನಗೂಡು ತಾಲ್ಲೂಕು ಹದಿನಾರು. ನಮ್ಮಜ್ಜಿಯ ತವರು ಕಾರುಗಹಳ್ಳಿ. ಯದುರಾಯನ ಕಥೆ ಹೇಳುವಾಗಲೆಲ್ಲ ಅಪ್ಪನ ಊರು ಒಳ್ಳೆಯವರ ಕಡೆ, ಅಜ್ಜಿಯ ಊರು ಕೆಟ್ಟವರ ಕಡೆ. ಆ ಕಥೆ ಬರೆದವರು ಯಾರು ಸಾರ್? ಅದರಲ್ಲಿ ತಾಳಮೇಳ ಇದೆಯಾ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ನಾನು ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಇತಿಹಾಸ ನನಗೆ ಆಮೇಲೆ ಅಂಟಿಕೊಂಡ ಹವ್ಯಾಸ. ಮನೆಗೆ ಹೋಗಿ ಪುಸ್ತಕಗಳನ್ನು ತೆಗೆದು ಕೂತೆ. ಆ ಹುಡುಗಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಹಣೆಯ ಮೇಲಿನ ಏಣು

ನಮ್ಮ ಕಸುಬಿನಲ್ಲಿ 'ಕಂಟಿನ್ಯೂಟಿ' ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ದೃಶ್ಯಗಳನ್ನು ಕಥೆಯ ಕ್ರಮದಲ್ಲೇ ಚಿತ್ರೀಕರಿಸುವುದಿಲ್ಲ. ಕೊನೆಯ ದಿನ ತೆಗೆದ ದೃಶ್ಯ ಕಥೆಯಲ್ಲಿ ಮೊದಲು ಬರಬಹುದು. ಅದಕ್ಕಾಗಿ ಸಹಾಯಕರೊಬ್ಬರು ಪುಸ್ತಕ ಹಿಡಿದು ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾರೆ: ಗಡಿಯಾರ ಯಾವ ಕೈಯಲ್ಲಿತ್ತು, ಬಳೆ ಎಷ್ಟಿದ್ದವು, ಲೋಟದಲ್ಲಿ ಕಾಫಿ ಎಲ್ಲಿಯವರೆಗಿತ್ತು. ಆ ಪುಸ್ತಕ ತಪ್ಪಿದರೆ ಪಾತ್ರಧಾರಿ ಬಾಗಿಲ ಆಚೆ ನೀಲಿ ಅಂಗಿ, ಈಚೆ ಬಿಳಿ ಅಂಗಿ!

ಹಿಂದಿನ ಕಥೆಯನ್ನು ಆಮೇಲೆ ಬರೆಯುವಾಗ ಈ ಕಷ್ಟ ಹತ್ತು ಪಾಲು ಹೆಚ್ಚುತ್ತದೆ. ಇಂಥ ಪೂರ್ವಕಥೆಯನ್ನು ಇಂಗ್ಲಿಷಿನವರು 'ಪ್ರೀಕ್ವೆಲ್' ಎನ್ನುತ್ತಾರೆ. ನಮ್ಮಲ್ಲೇ 2022ರಲ್ಲಿ 'ಕಾಂತಾರ' ಬಂತು; ಅದಕ್ಕೂ ಎಷ್ಟೋ ಹಿಂದಿನ ಕಾಲದ ಕಥೆ ಹೇಳುವ ಚಿತ್ರ 2025ರಲ್ಲಿ ಬಂತು. ಎರಡನೆಯದಾಗಿ ಬಂದ ಚಿತ್ರದ ಹೆಸರು 'ಅಧ್ಯಾಯ 1'! ಪೂರ್ವಕಥೆಯ ಗುಟ್ಟೆಲ್ಲ ಈ ಹೆಸರಿನಲ್ಲಿದೆ. ಕಥೆಯ ಕಾಲದಲ್ಲಿ ಅದು ಮೊದಲು, ಬರವಣಿಗೆಯ ಕಾಲದಲ್ಲಿ ಆಮೇಲೆ. ಮುಂದೆ ಏನಾಯಿತು ಎಂಬುದು ಬರೆಯುವವನಿಗೆ ಮೊದಲೇ ಗೊತ್ತಿರುತ್ತದೆ.

'ಸ್ಟಾರ್ ಟ್ರೆಕ್' ಅಭಿಮಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ ಕ್ಲಿಂಗಾನರೆಂಬ ಅನ್ಯಲೋಕದವರ ಹಣೆಯದು. 1967ರಲ್ಲಿ ಅವರು ಮೊದಲು ಕಾಣಿಸಿಕೊಂಡಾಗ ಹಣೆ ನಮ್ಮ ನಿಮ್ಮ ಹಣೆಯಂತೆ ನುಣುಪಾಗಿತ್ತು. 1979ರ ಚಲನಚಿತ್ರದಲ್ಲಿ ಹಣೆಯ ಮೇಲೆ ಏಣುಗಳು ಎದ್ದಿದ್ದವು. ಯಾಕೆ? 1996ರಲ್ಲಿ ಇನ್ನೊಂದು ಸರಣಿಯ ಕ್ಲಿಂಗಾನ್ ಪಾತ್ರವೊಂದು, ಇದು ನಾವು ಹೊರಗಿನವರ ಹತ್ತಿರ ಆಡುವ ಮಾತಲ್ಲ ಎಂಬಂತೆ ಜಾರಿಕೊಂಡಿತು, ನೋಡುಗರು ನಕ್ಕರು. ಕೊನೆಗೆ 2005ರಲ್ಲಿ 'ಎಂಟರ್‌ಪ್ರೈಸ್' ಎರಡು ಕಂತುಗಳನ್ನೇ ಮೀಸಲಿಟ್ಟು, ವಂಶವಾಹಿಗಳ ಪ್ರಯೋಗವೊಂದು ಕೆಟ್ಟು ವೈರಸ್ ಹರಡಿ ಕೆಲವರ ಹಣೆ ನುಣುಪಾಯಿತೆಂದು ಸಮಜಾಯಿಷಿ ಕೊಟ್ಟಿತು.

ಇದು ಕಥೆಯೊಳಗಿನ ಉತ್ತರ. ಕಥೆಯ ಹೊರಗಿನ ಉತ್ತರ ಬಹಳ ಸರಳ: 1967ರಲ್ಲಿ ಮೇಕಪ್ಪಿಗೆ ಅಷ್ಟು ಹಣವಿರಲಿಲ್ಲ, ಸಿನಿಮಾಕ್ಕೆ ಇತ್ತು. ಈ ಎರಡು ಬಗೆಯ ಉತ್ತರಗಳನ್ನು ನೆನಪಿನಲ್ಲಿಡಿ. ಇದೇ ಅಳತೆಗೋಲನ್ನು ಹಿಡಿದು ಈಗ ಹದಿನಾರಿಗೆ ಹೋಗೋಣ.

ಕೆರೆಯ ಏರಿಯ ಮೇಲೆ ಕೇಳಿದ ಮಾತು

ಮೈಸೂರು ಅರಸರ ಮೂಲದ ಕಥೆ ನಿಮಗೆ ಪಠ್ಯಪುಸ್ತಕದಿಂದ ಗೊತ್ತು. ಅದನ್ನು ಇಂಗ್ಲಿಷಿನಲ್ಲಿ ವಿವರವಾಗಿ ಬರೆದ ಮೊದಲಿಗರಲ್ಲಿ ಒಬ್ಬ ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟ್ ಹುದ್ದೆಯ ಕೆಲಸ ನೋಡಿಕೊಂಡಿದ್ದ ಈ ಅಧಿಕಾರಿಯ ದಕ್ಷಿಣ ಭಾರತ ಇತಿಹಾಸದ ಮೊದಲ ಸಂಪುಟ 1810ರಲ್ಲಿ ಅಚ್ಚಾಯಿತು. ಅವನು ಹೇಳುವ ಕಥೆ ಹೀಗಿದೆ.

ವಿಜಯನಗರದ ಆಸ್ಥಾನದಿಂದ ಹೊರಟ ವಿಜಯ, ಕೃಷ್ಣ ಎಂಬ ಯಾದವ ಕುಲದ ಇಬ್ಬರು ತರುಣರು ದಕ್ಷಿಣಕ್ಕೆ ಬರುತ್ತಾರೆ. ಹದನ, ಅಂದರೆ ಹದಿನಾಡು ಎಂಬ ಊರಿನ ಕೆರೆಯ ಬಳಿ ದಣಿವಾರಿಸಿಕೊಳ್ಳುವಾಗ ನೀರಿಗೆ ಬಂದ ಹೆಂಗಸರ ಮಾತು ಕಿವಿಗೆ ಬೀಳುತ್ತದೆ. ಊರಿನ ಒಡೆಯನಿಗೆ ಬುದ್ಧಿಭ್ರಮಣೆಯಾಗಿ ಎಲ್ಲಿಗೋ ಹೊರಟುಹೋಗಿದ್ದಾನೆ. ಅದೇ ಸಮಯ ನೋಡಿ ನೆರೆಯ ಕಾರುಗಹಳ್ಳಿಯ ಪಾಳೆಯಗಾರ ಒಡೆಯನ ಮಗಳನ್ನು ತನಗೆ ಕೊಡಬೇಕೆಂದು ಬೆದರಿಸಿದ್ದಾನೆ. ಅವನು ಕುಲದಲ್ಲಿ ಕಡಿಮೆಯವನೆಂದು ಹುಡುಗಿಯ ಮನೆಯವರಿಗೆ ದುಃಖ. ಅಣ್ಣತಮ್ಮಂದಿರು ಅಡಗಿ ಕುಳಿತು, ಮದುವೆಯ ಔತಣಕ್ಕೆ ಬಂದವನನ್ನು ಕೊಂದು, ಕಾರುಗಹಳ್ಳಿಯನ್ನೂ ಹಿಡಿಯುತ್ತಾರೆ. ಹುಡುಗಿ ವಿಜಯನ ಕೈ ಹಿಡಿಯುತ್ತಾಳೆ. ಅವನು ಎರಡೂ ಊರಿಗೆ ಒಡೆಯನಾಗುತ್ತಾನೆ.

ಮೈಸೂರು ಅರಮನೆಯ ಸಂಪ್ರದಾಯದ ಕಥೆಯಲ್ಲಿ ಬದಲಾವಣೆಗಳಿವೆ. ತರುಣರು ಬರುವುದು ವಿಜಯನಗರದಿಂದಲ್ಲ, ದ್ವಾರಕೆಯಿಂದ. ದಾರಿಯಲ್ಲಿ ಮೇಲುಕೋಟೆಯ ನಾರಾಯಣನ ದರ್ಶನ. ಹೆಸರು ವಿಜಯ ಅಲ್ಲ, ಯದುರಾಯ. ಸುದ್ದಿ ತಿಳಿಯುವುದು ಮೈಸೂರಿನ ಕೋಡಿ ಭೈರವ ಗುಡಿಯಲ್ಲಿ, ಜಂಗಮರೊಬ್ಬರ ಮೂಲಕ. ದುಷ್ಟನಿಗೆ ಮಾರನಾಯಕ ಎಂಬ ಹೆಸರಿದೆ, ರಾಜಕುಮಾರಿಗೆ ಚಿಕ್ಕದೇವರಸಿ ಎಂಬ ಹೆಸರಿದೆ. ವರ್ಷವೂ ಇದೆ: 1399.

ನಮ್ಮ ಕಂಟಿನ್ಯೂಟಿ ಪುಸ್ತಕದಲ್ಲಿ ಇದನ್ನು ಬರೆದರೆ ಹೀಗಾಗುತ್ತದೆ: ನಾಯಕನ ಹೆಸರು ಬೇರೆ, ಊರು ಬೇರೆ, ಹೊರಟ ಸ್ಥಳ ಬೇರೆ, ಸುದ್ದಿ ಹೇಳಿದವರೂ ಬೇರೆ. ಕೂಡಿಬರುವುದು ನಡುವಣ ಘಟನೆ ಒಂದೇ. ಅರಸರ ರಾಜಧಾನಿ ಮೈಸೂರಾದ ಮೇಲೆ ಕಥೆಯ ರಂಗಸ್ಥಳವೂ ಹಳ್ಳಿಯ ಕೆರೆಯಿಂದ ಪಟ್ಟಣದ ಗುಡಿಗೆ ಸರಿದಂತೆ ಕಾಣುತ್ತದೆ. ಇನ್ನೊಂದು ತೊಡಕು ಊರಿನ ಹೆಸರಿನದು. ಹದಿನಾಡು ಎಂಬುದು ಒಂದು ಸೀಮೆಯ ಹೆಸರೂ ಹೌದು. 17ನೇ ಶತಮಾನದಲ್ಲಿ ಯಳಂದೂರಿನ ಪ್ರಭುಗಳು ಹದಿನಾಡಿನ ಪ್ರಭುಗಳೆಂದು ಕರೆಸಿಕೊಂಡಿದ್ದರು. ಹಾಗಾಗಿ ಹದಿನಾಡು ಎಂಬ ಹೆಸರು ಕಂಡಲ್ಲೆಲ್ಲ ಹದಿನಾರು ಗ್ರಾಮವೆಂದೇ ತಿಳಿಯುವಂತಿಲ್ಲ.

ಕಲ್ಲು ಏನು ಹೇಳುತ್ತದೆ?

ಚಳಿಗಾಲದಲ್ಲಿ ಹದಿನಾರಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಅಷ್ಟು ದೂರದಿಂದ ಬಂದವೆಂದು ನಮಗೆ ಹೇಗೆ ಗೊತ್ತು? ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಸಂಖ್ಯೆಯ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ದೂರದಿಂದ ಬಂದವರೆಂಬ ಮಾತಿಗೆ ಹೀಗೆ ಬೇರೆ ಕಡೆಯಿಂದಲೂ ಒಂದು ಗುರುತು ಸಿಗಬೇಕು.

ಯದುರಾಯನಿಗೆ ಅಂಥ ಕೊರಳಪಟ್ಟಿ ಇದೆಯೆ? ಬಿ.ಎಲ್. ರೈಸ್ ಅವರು ಮೈಸೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1894ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟವಾಗಿ ಪ್ರಕಟಿಸಿದರು. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿವೆ. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಈ ಸಂಪುಟಗಳನ್ನು ಪರಿಷ್ಕರಿಸಿ ಹೆಚ್ಚಿನ ಶಾಸನಗಳೊಡನೆ ಮತ್ತೆ ಹೊರತಂದಿತು. ಈವರೆಗೆ ತಿಳಿದಿರುವಂತೆ ಒಡೆಯರ ಮನೆತನ ತಾನೇ ಹೊರಡಿಸಿದ ಅತಿ ಹಳೆಯ ಶಾಸನ 1551ರದು, ತಿಮ್ಮರಾಜ ಒಡೆಯರ ಕಾಲದ್ದು. ಸಾಹಿತ್ಯದಲ್ಲಿ ಈ ಮನೆತನದ ಸ್ಪಷ್ಟ ಉಲ್ಲೇಖ ಬರುವುದೂ 16ನೇ ಶತಮಾನದಲ್ಲೇ, ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ. 1399ಕ್ಕೂ 1551ಕ್ಕೂ ನಡುವೆ 152 ವರ್ಷ!

ಇದರಿಂದ ಯದುರಾಯ ಇರಲೇ ಇಲ್ಲ ಎಂದು ಸಾಬೀತಾಗುವುದಿಲ್ಲ. ಒಂದೆರಡು ಹಳ್ಳಿಗಳ ಒಡೆಯನೊಬ್ಬ ಶಾಸನ ಹಾಕಿಸದೆ ಇರಬಹುದು. ಆ ಕಾಲದಲ್ಲಿ ಈ ಸೀಮೆಯ ದೊಡ್ಡ ಹೆಸರು ಮೈಸೂರಲ್ಲ, ಉಮ್ಮತ್ತೂರು; ಅದನ್ನು ಬಗ್ಗಿಸಲು ಕೃಷ್ಣದೇವರಾಯನೇ ದಂಡೆತ್ತಿ ಬರಬೇಕಾಯಿತು. ಆದರೆ ಒಂದು ಮಾತು ಖಚಿತ. 1399ರ ಘಟನೆಯನ್ನು 1399ರಲ್ಲೇ ಬರೆದಿಟ್ಟ ಸಾಕ್ಷಿ ನಮ್ಮ ಮುಂದಿಲ್ಲ. ನಾವು ಓದುತ್ತಿರುವುದೆಲ್ಲ ಆಮೇಲಿನ ಬರಹ.

ಹಿಂದಿನ ಏಳಿಗೆ ಬೇಕಾದ ಕಾಲ

ಹಾಗಾದರೆ ಬರೆದವರು ಯಾರು, ಯಾವಾಗ? 1565ರಲ್ಲಿ ವಿಜಯನಗರ ಸೋತಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಕೆಲವು ಹಳ್ಳಿಗಳ ಪಾಳೆಯಪಟ್ಟು ಒಮ್ಮೆಗೇ ರಾಜ್ಯವಾಯಿತು. ರಾಜ್ಯವಾದ ಮೇಲೆ, ನೀವು ಯಾರ ವಂಶ, ಎಲ್ಲಿಂದ ಬಂದವರು ಎಂಬ ಪ್ರಶ್ನೆ ಬರುತ್ತದೆ. 17ನೇ ಶತಮಾನದ ಶಾಸನಗಳೂ, 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜರ ಆಸ್ಥಾನದ ತಿರುಮಲಾರ್ಯನ 'ಚಿಕ್ಕದೇವರಾಜ ವಂಶಾವಳಿ'ಯಂಥ ಕೃತಿಗಳೂ ಇದಕ್ಕೆ ಉತ್ತರ ಕೊಟ್ಟವು: ಯದುವಂಶ, ದ್ವಾರಕೆ, ಯದುಗಿರಿ. ಯದುಗಿರಿಯೆಂದರೆ ಮೇಲುಕೋಟೆ.

ಯದುವಂಶವೇ ಏಕೆ? ಇದೇ ನಾಡನ್ನು ಹಿಂದೆ ಆಳಿದ ಹೊಯ್ಸಳರು ತಮ್ಮನ್ನು ಯಾದವರೆಂದೂ ದ್ವಾರಾವತಿಯ ಒಡೆಯರೆಂದೂ ಕರೆದುಕೊಂಡಿದ್ದರು. ವಿಜಯನಗರದ ಸಂಗಮ ವಂಶದವರೂ ಯದುವಂಶದ ಹೆಸರು ಹೇಳಿದ್ದರು. ಆ ಸಾಲಿನಲ್ಲಿ ನಿಲ್ಲುವುದೆಂದರೆ ನಾಡಿನ ಹಳೆಯ ಸಿಂಹಾಸನಕ್ಕೆ ತಾವೇ ವಾರಸುದಾರರೆಂದು ಹೇಳಿದಂತೆ. 18ನೇ ಶತಮಾನದ ಆರಂಭಕ್ಕೆ ಸೇರಿದ ಒಂದು ಗದ್ಯದ ಹೆಸರೇ 'ಮೈಸೂರು ದೊರೆಗಳ ಪೂರ್ವಾಭ್ಯುದಯ ವಿವರ'. ಪೂರ್ವಾಭ್ಯುದಯ ಎಂದರೆ ಹಿಂದಿನ ಏಳಿಗೆ. ಪ್ರೀಕ್ವೆಲ್ ಎಂಬುದಕ್ಕೆ ನಾವು ಹೊಸ ಕನ್ನಡ ಪದ ಹುಡುಕುತ್ತಿರುವಾಗ ನಮ್ಮವರು ಮುನ್ನೂರು ವರ್ಷದ ಹಿಂದೆಯೇ ಒಂದನ್ನು ಇಟ್ಟುಕೊಂಡಿದ್ದರು!

ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ, 1799ರಿಂದ 1868. ಟಿಪ್ಪು ಸುಲ್ತಾನರ ಪತನದ ನಂತರ ಬ್ರಿಟಿಷರು ಐದು ವರ್ಷದ ಹುಡುಗನನ್ನು ಗದ್ದುಗೆಯ ಮೇಲೆ ಕೂರಿಸಿದರು. 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. ಅಧಿಕಾರ ಕೈಬಿಟ್ಟ ದೊರೆಗೆ ವಂಶದ ಹಿರಿಮೆಯನ್ನು ಸಾರುವುದು ಎಷ್ಟು ಮುಖ್ಯವಾಗಿದ್ದಿರಬೇಕು ಎಂಬುದನ್ನು ಊಹಿಸಬಹುದು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಕಮಲದ ಆಕಾರದಲ್ಲಿ ಬಿಡಿಸಿರುವ 'ಸಂತಾನಾಂಬುಜ' ಎಂಬ ವಂಶವೃಕ್ಷ ಆ ಕಾಲದ್ದೇ. ಮುಂದೆ 1916 ಮತ್ತು 1922ರಲ್ಲಿ ಅರಮನೆಯ ವಂಶಾವಳಿ ಎರಡು ಭಾಗಗಳಾಗಿ ಅಚ್ಚಾಯಿತು. ಸಿ. ಹಯವದನ ರಾವ್ ಅವರು 1940ರ ದಶಕದಲ್ಲಿ ಪ್ರಕಟಿಸಿದ ಮೂರು ಸಂಪುಟಗಳ ಮೈಸೂರು ಇತಿಹಾಸವೂ 1399ರಿಂದಲೇ ಆರಂಭವಾಗುತ್ತದೆ. ಆದರೆ ಅವರು ಮೂಲದ ಕಥೆಯ ಬೇರೆಬೇರೆ ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು, ಯಾವುದು ಹಳೆಯದು ಯಾವುದು ಆಮೇಲಿನದು ಎಂದು ವಿಂಗಡಿಸುವ ಶ್ರಮವನ್ನೂ ವಹಿಸಿದರು.

ತೇಪೆಗಳು

ಕ್ಲಿಂಗಾನರ ಹಣೆಗೆ ಕಾರಣ ಹುಡುಕಿದಂತೆ ನಮ್ಮ ಕಥೆಯಲ್ಲೂ ತೇಪೆ ಹಾಕಿದ ಜಾಗಗಳು ಕಾಣುತ್ತವೆ. ದ್ವಾರಕೆಯಿಂದ ಬಂದ ಯಾದವರಿಗೆ, ಜಂಗಮ ಗುರುಗಳಿಗೆ ಬಳಸುವ 'ಒಡೆಯರು' ಎಂಬ ಹೆಸರು ಹೇಗೆ ಬಂತು? ಕಥೆಯೊಳಗಿನ ಉತ್ತರ: ಸಹಾಯ ಮಾಡಿದ ಜಂಗಮ ಒಡೆಯರ ನೆನಪಿಗೆ ಯದುರಾಯ ಆ ಹೆಸರನ್ನು ಇಟ್ಟುಕೊಂಡ. ಅವನು ಜಂಗಮರ ಮತವನ್ನೇ ಸ್ವೀಕರಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಅರಮನೆಯ ಪಾಠದಲ್ಲಿ ಅದು ಕೃತಜ್ಞತೆಯಷ್ಟೇ. ಕಥೆಯ ಹೊರಗಿನ ಉತ್ತರ ಇಷ್ಟು ದೂರ ಹೋಗಬೇಕಾಗಿಲ್ಲ. ಒಡೆಯ ಎಂದರೆ ಯಜಮಾನ. 14ನೇ ಶತಮಾನದಲ್ಲಿ ವಿಜಯನಗರದ ರಾಜಕುಮಾರ ಕಂಪಣನೂ 'ಒಡೆಯರು'. ಅಂದಿನ ಎಷ್ಟೋ ಅಧಿಕಾರಿಗಳಿಗೆ, ಪಾಳೆಯಗಾರರಿಗೆ ಇದೇ ಬಿರುದಿತ್ತು.

ನೆರೆಯ ನರಸೀಪುರ ತಾಲ್ಲೂಕಿನ ತಲಕಾಡಿನ ಶಾಪವನ್ನೂ ಪರೀಕ್ಷೆಗೆ ಒಡ್ಡಿ ನೋಡಿ. ಅಲಮೇಲಮ್ಮನ ಶಾಪದಿಂದ ಮೈಸೂರು ದೊರೆಗಳಿಗೆ ಮಕ್ಕಳಾಗುವುದಿಲ್ಲ ಎಂಬುದು ಪ್ರತೀತಿ; ಕಥೆಯ ಕಾಲ 1610ರ ಆಸುಪಾಸು. ಆದರೆ ಚಿಕ್ಕದೇವರಾಜರ ನಂತರ 1704ರಲ್ಲಿ ಮಗ ಕಂಠೀರವ ನರಸರಾಜರು ಪಟ್ಟಕ್ಕೆ ಬಂದರು. ಅವರ ನಂತರ 1714ರಲ್ಲಿ ಅವರ ಮಗ ದೊಡ್ಡ ಕೃಷ್ಣರಾಜರು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ! ಈ ತೊಡಕನ್ನು ಎತ್ತಿದರೆ, ಶಾಪ ತಲೆಮಾರು ಬಿಟ್ಟು ತಲೆಮಾರಿಗೆ ತಾಗುತ್ತದೆ ಎಂಬ ತೇಪೆ ಸಿದ್ಧವಾಗಿರುತ್ತದೆ. 1704 ಮತ್ತು 1714 ಅಕ್ಕಪಕ್ಕದ ತಲೆಮಾರುಗಳು. ಆ ತೇಪೆಯೂ ಅಲ್ಲಿ ನಿಲ್ಲುವುದಿಲ್ಲ. ಯಾವ ಲೆಕ್ಕ ಬಂದರೂ ಜಗ್ಗದಂತೆ ನಿಯಮವನ್ನೇ ತಿದ್ದುತ್ತ ಹೋದರೆ ಅದು ವಿಜ್ಞಾನದಲ್ಲಿ ನಿಯಮ ಎನಿಸಿಕೊಳ್ಳುವುದಿಲ್ಲ.

ಚೆನ್ನಾಗಿ ಬರೆದದ್ದೆಲ್ಲ ನಿಜವೆ?

ಇನ್ನು ಎರಡನೆಯ ಹುಡುಗನ ಪ್ರಶ್ನೆ: ಬರವಣಿಗೆ ಹೇಗಿದೆ? 'ಎಂಟರ್‌ಪ್ರೈಸ್' ನಾಲ್ಕು ವರ್ಷ, 98 ಕಂತುಗಳ ನಂತರ 2005ರಲ್ಲಿ ನಿಂತುಹೋಯಿತು. ಹಳೆಯ ಸರಣಿಯ ಎಳೆಗಳನ್ನು ಹಿಡಿದು ನೇಯ್ದ ಅದರ ನಾಲ್ಕನೆಯ ವರ್ಷವೇ ಉತ್ತಮವೆಂದು ಅನೇಕ ಅಭಿಮಾನಿಗಳ ಮತ. ಆದರೆ ಕೊನೆಯ ಕಂತನ್ನು ಇನ್ನೊಂದು ಸರಣಿಯ ಪಾತ್ರಗಳ ಕಣ್ಣಿನಿಂದ ಹೇಳಿದ್ದು ಬಹಳ ಜನಕ್ಕೆ ಹಿಡಿಸಲಿಲ್ಲ. ತಮ್ಮದೇ ಕಥೆಯಲ್ಲಿ ತಮ್ಮವರು ಅತಿಥಿಗಳಾದರು ಎಂಬುದು ಅವರ ದೂರು. ತಾಳಮೇಳ ಸರಿಹೋದ ಮಾತ್ರಕ್ಕೆ ಕಥೆಗೆ ನ್ಯಾಯ ಸಿಕ್ಕಂತಲ್ಲ ಎಂದಾಯಿತು.

ಹದಿನಾರಿನ ಕಥೆಯ ಬರವಣಿಗೆ ನಿಜಕ್ಕೂ ಚೆನ್ನಾಗಿದೆ. ಕೆರೆಯ ಏರಿ, ಬಿಂದಿಗೆ ಹಿಡಿದ ಹೆಂಗಸರು, ಕದ್ದು ಕೇಳಿದ ಮಾತು, ಔತಣದ ಮನೆಯಲ್ಲಿ ಅಡಗಿದ ಕತ್ತಿ. ಒಂದು ಚಿತ್ರಕಥೆಗೆ ಬೇಕಾದದ್ದೆಲ್ಲ ಇದೆ. ಇಷ್ಟು ಶತಮಾನ ಬದುಕಿದ್ದೂ ಅದಕ್ಕೇ. ಆದರೆ ಕಥೆ ಹೆಣೆಯುವುದನ್ನೇ ಕಸುಬು ಮಾಡಿಕೊಂಡವನಾಗಿ ನಾನು ನಿಮ್ಮನ್ನು ಎಚ್ಚರಿಸಲೇಬೇಕು. ನಾಯಕ ಎತ್ತರವಾಗಿ ಕಾಣಬೇಕಾದರೆ ಎದುರಿಗೆ ದುಷ್ಟನೊಬ್ಬ ಬೇಕು. ಅವನನ್ನು ಕೊಂದದ್ದು ಸರಿಯೆನಿಸಬೇಕಾದರೆ ಅವನು ಕೆಟ್ಟವನಾಗಿರಬೇಕು. ಅದು ಸಾಲದೆಂದು ಕುಲವನ್ನೂ ಎತ್ತಿ ಆಡಬೇಕು. ಔತಣಕ್ಕೆ ಕರೆದು ಕೊಂದು ಅವನ ಊರನ್ನೂ ಹಿಡಿದವರನ್ನು ಕಾರುಗಹಳ್ಳಿಯ ಅಜ್ಜಿಯೊಬ್ಬಳು ಏನೆಂದು ಕರೆದಿರಬಹುದು? ನಾನು ಓದಿದ ಯಾವ ಪಾಠವೂ ಕಾರುಗಹಳ್ಳಿಯವರ ಬಾಯಿಂದ ಬಂದದ್ದಲ್ಲ. ಗೆದ್ದವರಿಗೆ ವಂಶಾವಳಿ ಬರೆಯುವ ಕವಿಗಳಿದ್ದರು, ಸೋತವರಿಗೆ ಇರಲಿಲ್ಲ.

ಆದ್ದರಿಂದ, ಹದಿನಾರಿನ ಹುಡುಗಿಗೆ ನನ್ನ ಉತ್ತರ ಇದು. ನೋಡು ಮಗಳೆ, 1399ರಲ್ಲಿ ನಿಮ್ಮ ಕೆರೆಯ ಏರಿಯ ಮೇಲೆ ಏನು ನಡೆಯಿತು ಎಂದು ಈ ಕಥೆಯಿಂದ ಗಟ್ಟಿಯಾಗಿ ಹೇಳಲಾಗದು. ಆದರೆ 1680ರಲ್ಲಿ, 1710ರಲ್ಲಿ, 1860ರಲ್ಲಿ ಮೈಸೂರಿನವರು ತಮ್ಮನ್ನು ಹೇಗೆ ಕಾಣಬಯಸಿದ್ದರು ಎಂದು ಈ ಕಥೆಯ ಪಾಠಗಳಿಂದ ಬಹಳ ಚೆನ್ನಾಗಿ ತಿಳಿಯುತ್ತದೆ. ಅದೂ ಇತಿಹಾಸವೇ, ಸಣ್ಣ ಇತಿಹಾಸವಲ್ಲ. ಕಥೆಯನ್ನು ಸಂತೋಷದಿಂದ ಹೇಳು, ಕೇಳು. ನಿನ್ನ ಅಜ್ಜಿಯ ಊರು ಮಾತ್ರ ಅದರ ಸಲುವಾಗಿ ತಲೆ ತಗ್ಗಿಸಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೆ, ನಿಮ್ಮ ಊರಿಗೂ ಇಂಥ ಒಂದು ಮೂಲದ ಕಥೆ ಇದ್ದೇ ಇರುತ್ತದೆ. ಮುಂದಿನ ರಜೆಯಲ್ಲಿ ಅದನ್ನು ಇಬ್ಬರು ಹಿರಿಯರಿಂದ, ಸಾಧ್ಯವಾದರೆ ಬೇರೆಬೇರೆ ಕೇರಿಯವರಿಂದ, ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಿ. ನಿಮ್ಮ ತಾಲ್ಲೂಕಿನ ಶಾಸನ ಸಂಪುಟವನ್ನು ಗ್ರಂಥಾಲಯದಲ್ಲಿ ಕೇಳಿ ಪಡೆದು, ಊರಿನ ಹೆಸರು ಎಲ್ಲೆಲ್ಲಿ ಬಂದಿದೆ ನೋಡಿ. ಹೆಸರು, ವರ್ಷ, ಸ್ಥಳಗಳನ್ನು ಒಂದು ಹಾಳೆಯಲ್ಲಿ ಎದುರುಬದುರು ಇಡಿ. ಹೊಂದದ ಜಾಗ ಕಂಡರೆ ಕಥೆಯನ್ನು ಎಸೆಯಬೇಡಿ. ಅದನ್ನು ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂದು ಅಲ್ಲಿಂದಲೇ ಕೇಳಲು ಶುರುಮಾಡಿ.